ಮತ್ತೆ ಮತ್ತೆ ಲೋಡ್ ಬೀಳುವ ಭಾಗಕ್ಕೆ ಯಾವ ಹಗುರ ಲೋಹ? 6061, 2024, 7075, ಟೈಟಾನಿಯಂ ಹೋಲಿಕೆ

ಡ್ರೋನಿನ ತೋಳು, ಸೈಕಲ್ ಫ್ರೇಮ್, ಕಾಲೇಜಿನ ರೇಸ್ ಕಾರಿನ ಬ್ರ್ಯಾಕೆಟ್, ಪ್ಯಾಕಿಂಗ್ ಮಷಿನ್ನಿನ ಲಿವರ್. ಇಂಥದ್ದನ್ನು ಹಗುರವಾಗಿ ಮಾಡಲು ಹೊರಟವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "6061 ಸಾಕಾ, 7075 ಹಾಕ್ಲಾ?" (6061, 2024, 7075 ಇವೆಲ್ಲ ಅಲ್ಯೂಮಿನಿಯಂ ಮಿಶ್ರಲೋಹಗಳ ನಂಬರುಗಳು.) ಸ್ವಲ್ಪ ದುಡ್ಡಿದ್ದವರು ಟೈಟಾನಿಯಂ ಹೆಸರನ್ನೂ ಸೇರಿಸುತ್ತಾರೆ. ಉತ್ತರಕ್ಕೆ ಎಲ್ಲರೂ ನೋಡುವುದು ಡೇಟಾ ಶೀಟಿನ ಮೊದಲ ಸಾಲು. ಅಂದರೆ, ಒಂದೇ ಸಲ ಎಳೆದರೆ ಎಷ್ಟಕ್ಕೆ ಹರಿಯುತ್ತದೆ ಅನ್ನುವ ಅಂಕಿ.

ಆದರೆ ಈ ಭಾಗಗಳು ಒಂದೇ ಸಲಕ್ಕೆ ಮುರಿಯುವುದು ಅಪರೂಪ. ಕಡಿಮೆ ಲೋಡೇ ಲಕ್ಷಾಂತರ ಸಲ ಬಿದ್ದು ಎಲ್ಲೋ ಒಂದು ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಅದು ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಮುಂದೆ ಹೋಗುತ್ತದೆ. ಕೊನೆಗೆ ಉಳಿದ ಲೋಹ ಭಾರ ತಡೆಯದೆ ಒಂದು ದಿನ ಪಟ್ ಅಂತ ತುಂಡಾಗುತ್ತದೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಫಟೀಗ್ ಅನ್ನುತ್ತಾರೆ, ಲೋಹದ ದಣಿವು. ಇದನ್ನು ತಡೆಯುವ ಲೋಹ ಬೇಕಿದ್ದರೆ ಮೊದಲ ಸಾಲಿನ ಅಂಕಿ ಬಿಟ್ಟು ಬೇರೆ ಕೆಲವು ಪ್ರಶ್ನೆ ಕೇಳಬೇಕು.

ಲೋಹಕ್ಕೆ ಮುಂಚೆ ಪ್ರಶ್ನೆಗಳು

ಮೊದಲನೆಯದು: ಎಷ್ಟು ಸಲ? ಈ ಲೆಕ್ಕವನ್ನು ಹಾಕುವವರೇ ಕಡಿಮೆ. ನಿಮಿಷಕ್ಕೆ 10 ಸಲ ಬಡಿಯುವ ಒಂದು ಲಿವರ್ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 14 ಲಕ್ಷ ಹೊಡೆತ ತಿನ್ನುತ್ತದೆ. ಹಗಲು ರಾತ್ರಿ 1500 ಆರ್‌ಪಿಎಂನಲ್ಲಿ ತಿರುಗುವ ಶಾಫ್ಟ್ ಐದು ದಿನದೊಳಗೇ 1 ಕೋಟಿ ಸುತ್ತು ಮುಗಿಸುತ್ತದೆ. ಒಂದೇ ಸೀಸನ್ ಓಡುವ ಕಾಲೇಜು ಕಾರಿನ ಬ್ರ್ಯಾಕೆಟ್ಟಿಗೆ ಬೀಳುವ ದೊಡ್ಡ ಹೊಡೆತಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಮೂರಕ್ಕೂ ಒಂದೇ ಲೋಹ ಸರಿ ಅನ್ನುವ ಮಾತೇ ಇಲ್ಲ, ಅಲ್ವಾ?

ಎಣಿಕೆ ಯಾಕೆ ಇಷ್ಟು ಮುಖ್ಯ ಅಂದರೆ, ಮಾಮೂಲಿ ಉಕ್ಕಿಗೆ ಒಂದು ಗಡಿ ಇದೆ. ತುಕ್ಕು ಹಿಡಿಯದಂತೆ ನೋಡಿಕೊಂಡು, ಲೋಡನ್ನು ಆ ಗಡಿಯ ಕೆಳಗೆ ಇಟ್ಟರೆ, ಕೋಟಿಗಟ್ಟಲೆ ಸಲ ಬಿದ್ದರೂ ತಡೆಯುತ್ತದೆ ಅಂತ ಲೆಕ್ಕ ಹಿಡಿಯಬಹುದು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಗಡಿ ಇಲ್ಲ. ಲೋಡ್ ಕಡಿಮೆ ಮಾಡಿದರೆ ಆಯಸ್ಸು ಉದ್ದವಾಗುತ್ತದೆ, ಅಷ್ಟೆ. ಡೇಟಾ ಶೀಟಿನಲ್ಲಿ ಅಲ್ಯೂಮಿನಿಯಂಗೆ ಕೊಡುವ ದಣಿವಿನ ಅಂಕಿ ಸಾಮಾನ್ಯವಾಗಿ 50 ಕೋಟಿ ಸುತ್ತಿಗೆ ಅಳೆದದ್ದು. ಅದನ್ನು "ಇದರ ಕೆಳಗೆ ಎಂದೂ ಮುರಿಯಲ್ಲ" ಅಂತ ಓದಬೇಡಿ.

ಎರಡನೆಯದು, ಹೇಗೆ ಜೋಡಿಸುತ್ತೀರಿ? ವೆಲ್ಡಿಂಗಾ, ಬೋಲ್ಟಾ, ರಿವೆಟ್ಟಾ, ಅಥವಾ ಒಂದೇ ಬ್ಲಾಕಿನಿಂದ ಮಿಲ್ ಮಾಡಿದ್ದಾ, ಅಂದರೆ ಮಷಿನ್ನಿನಲ್ಲಿ ಕೊರೆದು ತೆಗೆದದ್ದಾ? ಇದೊಂದೇ ಉತ್ತರ ಅರ್ಧ ಆಯ್ಕೆಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ.

ಮೂರನೆಯದು, ಎಲ್ಲಿ ಕೆಲಸ ಮಾಡುತ್ತದೆ? ಪೀಣ್ಯದ ಶೆಡ್ಡಿನೊಳಗಿನ ಮಷಿನ್ನಿಗೂ ಕಾರವಾರದ ಜೆಟ್ಟಿಯ ಮೇಲಿನ ಮಷಿನ್ನಿಗೂ ಬಹಳ ವ್ಯತ್ಯಾಸ. ಉಪ್ಪುಗಾಳಿ ಲೋಹದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿ ತೋಡುತ್ತದೆ. ಬಿರುಕಿಗೆ ಹುಟ್ಟಲು ಅಂಥ ಒಂದು ಗುಳಿ ಸಾಕು.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಬಿರುಕು ಬಂದರೆ ಯಾರಾದರೂ ನೋಡುತ್ತಾರಾ? ಮುರಿದರೆ ಯಾರಿಗೆ ಪೆಟ್ಟು?

1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ಜನವರಿಯಲ್ಲಿ ಎಲ್ಬಾ ದ್ವೀಪದ ಹತ್ತಿರ ಒಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಹತ್ತಿರ ಇನ್ನೊಂದು. ಆಮೇಲೆ ಬ್ರಿಟನ್ನಿನ ವಿಮಾನ ಸಂಶೋಧನಾ ಕೇಂದ್ರವಿದ್ದ ಫಾರ್ನ್‌ಬರೋದಲ್ಲಿ ಒಂದು ಕಾಮೆಟ್ಟಿನ ಕ್ಯಾಬಿನ್ನನ್ನು ನೀರಿನ ತೊಟ್ಟಿಯಲ್ಲಿಟ್ಟು, ಮತ್ತೆ ಮತ್ತೆ ಒಳಗಿನ ಒತ್ತಡ ಏರಿಸಿ ಇಳಿಸಿದರು. ಮೊದಲು ಹಾರಿದ್ದನ್ನೂ ಸೇರಿಸಿ ಸುಮಾರು 3,000 ಸಲಕ್ಕೆ ಅದು ಒಡೆಯಿತು. ಬಿರುಕು ಶುರುವಾದದ್ದು ಮೈ ಹೊದಿಕೆಯಲ್ಲಿ ಕಿಟಕಿಯಂತೆ ಕತ್ತರಿಸಿದ್ದ ತೆರವಿನ ಮೂಲೆಯ ಬಳಿ. 3,000 ಅಂದರೆ ಲಕ್ಷವೂ ಅಲ್ಲ, ಕೋಟಿಯೂ ಅಲ್ಲ. ಮೂಲೆಯಲ್ಲಿ ಒತ್ತಡ ಒಟ್ಟುಗೂಡಿದರೆ ಒಳ್ಳೆಯ ಮಿಶ್ರಲೋಹವೂ ಅಷ್ಟು ಬೇಗ ಕೈಕೊಡುತ್ತದೆ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲಿನ ಹೊದಿಕೆ ಹಾರುತ್ತಿರುವಾಗಲೇ ಕಿತ್ತುಹೋಯಿತು. ವಿಮಾನ ಇಳಿಯಿತು, ಆದರೆ ಒಬ್ಬ ಗಗನಸಖಿ ಜೀವ ಕಳೆದುಕೊಂಡರು. ದ್ವೀಪದಿಂದ ದ್ವೀಪಕ್ಕೆ ಗಿಡ್ಡ ಹಾರಾಟ, ಸುತ್ತ ಉಪ್ಪುಗಾಳಿ, ಲೆಕ್ಕಕ್ಕೆ 89,680 ಹಾರಾಟ. ರಿವೆಟ್ ಸಾಲಿನುದ್ದಕ್ಕೂ ಹುಟ್ಟಿದ್ದ ಪುಟ್ಟ ಬಿರುಕುಗಳು ಒಂದಕ್ಕೊಂದು ಸೇರಿಕೊಂಡಿದ್ದವು. ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರಿಗೆ ಹೊರಮೈಯ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ಬಿರುಕು ಕಾಣುವ ಜಾಗದಲ್ಲಿದ್ದರೆ ಸಾಲದು, ನೋಡುವುದು ಯಾರ ಕೆಲಸ ಅಂತಲೂ ಮೊದಲೇ ಗೊತ್ತುಮಾಡಿರಬೇಕು.

ಕೊನೆಗೆ ದುಡ್ಡು. ಲೋಹದ ಕಿಲೋ ಬೆಲೆ ಮಾತ್ರ ನೋಡಬೇಡಿ. ಮಷಿನಿಂಗ್, ವೆಲ್ಡಿಂಗ್, ಮೇಲ್ಮೈ ಕೆಲಸ, ಪರೀಕ್ಷೆ ಎಲ್ಲವೂ ಸೇರಿ ಲೆಕ್ಕ ಹಾಕಿ.

ಅಂಕಿಗಳು ಏನು ಹೇಳುತ್ತವೆ

| ಲೋಹ | ಸಾಂದ್ರತೆ (ಗ್ರಾಂ/ಘನ ಸೆಂ.ಮೀ.) | ಎಳೆತದ ಬಲ (ಮೆಗಾಪಾಸ್ಕಲ್) | ದಣಿವಿನ ಬಲ (ಮೆಗಾಪಾಸ್ಕಲ್) |
|---|---|---|---|
| 6061-ಟಿ6 | 2.70 | 310 | 97 |
| 2024-ಟಿ3 | 2.78 | 483 | 138 |
| 7075-ಟಿ6 | 2.81 | 572 | 159 |
| ಟೈಟಾನಿಯಂ ಗ್ರೇಡ್ 5 | 4.43 | ಸುಮಾರು 950 | ಸುಮಾರು 500 |

ಟಿ6, ಟಿ3 ಅಂದರೆ ಬಲ ಬರಲು ಲೋಹಕ್ಕೆ ಕಾಯಿಸಿ ತಣಿಸಿ ಕೊಟ್ಟ ಹದದ ಹೆಸರು. ಮೆಗಾಪಾಸ್ಕಲ್ ಒತ್ತಡದ ಅಳತೆ. ಅಲ್ಯೂಮಿನಿಯಂ ಅಂಕಿಗಳು 50 ಕೋಟಿ ಸುತ್ತಿಗೆ, ಟೈಟಾನಿಯಂದು 1 ಕೋಟಿ ಸುತ್ತಿಗೆ. ಎಲ್ಲವೂ ನಯವಾಗಿ ಪಾಲಿಷ್ ಮಾಡಿದ ಸಣ್ಣ ಸರಳನ್ನು ಒಣ ಕೋಣೆಯಲ್ಲಿ ಪರೀಕ್ಷಿಸಿ ಬಂದದ್ದು. ನಿಮ್ಮ ಭಾಗದಲ್ಲಿ ತೂತಿದೆ, ಮೂಲೆಯಿದೆ, ಟೂಲ್ ಮಾರ್ಕ್ ಇದೆ, ಮಳೆ ಬೀಳುತ್ತದೆ. ಅಗಲವಾದ ಹಾಳೆಯಲ್ಲಿ ಒಂದು ದುಂಡು ತೂತು ಕೊರೆದರೆ ಸಾಕು, ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ಚೂಪು ಮೂಲೆಯಾದರೆ ಇನ್ನೂ ಜಾಸ್ತಿ. ಅದಲ್ಲದೆ ಈ ಅಂಕಿಗಳು ಎಳೆತ ಮತ್ತು ಒತ್ತು ಎರಡೂ ಸಮವಾಗಿ ಬರುವ ಲೋಡಿಗೆ. ನಿಮ್ಮ ಭಾಗ ಯಾವಾಗಲೂ ಎಳೆತದಲ್ಲೇ ಇದ್ದು, ಅದರ ಮೇಲೆ ಲೋಡ್ ಏರಿಳಿದರೆ ತಡೆಯುವ ಶಕ್ತಿ ಇನ್ನೂ ಕಡಿಮೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಬಿಗಿತದ ಲೆಕ್ಕದಲ್ಲಿ ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೇ ಒಂದು ಭಾಗ. ಮಿಶ್ರಲೋಹ ಬದಲಿಸಿದರೆ ಇದು ಬದಲಾಗುವುದಿಲ್ಲ. 6061 ಬ್ರ್ಯಾಕೆಟ್ ಜಾಸ್ತಿ ಬಾಗುತ್ತಿದೆ ಅಂತ 7075 ಹಾಕಿದರೆ ಅಷ್ಟೇ ಬಾಗುತ್ತದೆ. ಬಾಗುವುದು ಕಡಿಮೆಯಾಗಬೇಕಿದ್ದರೆ ದಪ್ಪ ಅಥವಾ ಆಕಾರ ಬದಲಿಸಬೇಕು. ಅಲ್ಯೂಮಿನಿಯಂ ಸೈಕಲ್ಲುಗಳ ಟ್ಯೂಬ್ ದಪ್ಪಗೆ ಕಾಣುವುದು ಇದಕ್ಕೇ.

6061: ವೆಲ್ಡ್ ಮಾಡುವವರ ಆಯ್ಕೆ, ಆದರೆ ಒಂದು ಷರತ್ತಿನ ಮೇಲೆ

ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಮಿಲ್ ಆಗುತ್ತದೆ, ತುಕ್ಕಿಗೆ ಚೆನ್ನಾಗಿ ತಡೆಯುತ್ತದೆ, ವೆಲ್ಡ್ ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ಇದರ ಬದಲು ಎಚ್‌ಇ30 ಕೊಡುವುದು ಮಾಮೂಲು. ಅದು 6082ಕ್ಕೆ ಸಮ. 6061ಕ್ಕೆ ಸಮವಾದ ಹಳೆಯ ಹೆಸರು ಎಚ್‌ಇ20. ಎರಡೂ ಅಕ್ಕಪಕ್ಕದ ಗುಣದವು, ಆದ್ದರಿಂದ ಎಚ್‌ಇ30 ಸಿಕ್ಕರೆ ಗಾಬರಿ ಬೇಡ. ಆದರೆ ಟಿ6 ಹದದ್ದೇ ಹೌದಾ ಅಂತ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಹದ ಮಾಡದ ಸರಳು ಕಣ್ಣಿಗೆ ಒಂದೇ ಥರ ಕಾಣುತ್ತದೆ.

ಷರತ್ತು ವೆಲ್ಡಿಂಗಿನದು. ವೆಲ್ಡ್ ಮಾಡಿದ ಕೂಡಲೇ ಅದರ ಆಚೀಚೆ ಸುಮಾರು ಒಂದು ಇಂಚಿನಷ್ಟು ಜಾಗ ಹದ ಕಳೆದುಕೊಳ್ಳುತ್ತದೆ. ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ 276ರಿಂದ ಸುಮಾರು 115 ಮೆಗಾಪಾಸ್ಕಲ್‌ಗೆ ಇಳಿಯುತ್ತದೆ. ದಣಿವಿನ ಕಡೆ ಇದಕ್ಕಿಂತ ಕೆಟ್ಟ ಸುದ್ದಿ ಇದೆ. ವೆಲ್ಡಿನ ಅಂಚು ತಾನೇ ಒಂದು ಚೂಪು ಮೂಲೆ. ಹಾಗಾಗಿ ಅಲ್ಯೂಮಿನಿಯಂ ವೆಲ್ಡ್ ಜಾಯಿಂಟ್ ಅದೇ ಥರದ ಉಕ್ಕಿನ ಜಾಯಿಂಟ್ ತಡೆಯುವ ಏರಿಳಿತದ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಇಲ್ಲಿ ಹೆಚ್ಚು ಗಟ್ಟಿಯ ಮಿಶ್ರಲೋಹ ಹಾಕಿಯೂ ಲಾಭವಿಲ್ಲ. ಜಾಯಿಂಟಿನ ಆಯಸ್ಸು ವೆಲ್ಡಿನ ಆಕಾರದ ಕೈಯಲ್ಲಿದೆ.

ಆದ್ದರಿಂದ 6061 ವೆಲ್ಡ್ ಮಾಡುವುದಾದರೆ ಜಾಯಿಂಟನ್ನು ಹೆಚ್ಚು ಬಾಗುವ ಜಾಗದಿಂದ ದೂರ ಇಡಿ. ಸೈಕಲ್ ಫ್ರೇಮ್ ತಯಾರಕರು ವೆಲ್ಡ್ ಆದ ಮೇಲೆ ಇಡೀ ಫ್ರೇಮನ್ನು ಕುಲುಮೆಗೆ ಹಾಕಿ ಹದ ವಾಪಸ್ ತರುತ್ತಾರೆ. ಆ ಸೌಲಭ್ಯ ನಿಮಗಿಲ್ಲದಿದ್ದರೆ ಹದ ಕಳೆದ ಅಂಕಿಯಲ್ಲೇ ಲೆಕ್ಕ ಮಾಡಿ. ಬೋಲ್ಟ್ ಹಾಕಿ ಕೂರಿಸಬಹುದಾದ ಭಾಗವನ್ನು ಸುಮ್ನೆ ವೆಲ್ಡ್ ಮಾಡಬೇಡಿ.

ನೀರಿನಲ್ಲೇ ಇರುವ ಕೆಲಸಕ್ಕೆ, ದೋಣಿ, ಟ್ಯಾಂಕು, ಟ್ರೇಲರಿಗೆ, 5083 ಅನ್ನುವ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹ ಇನ್ನೂ ವಾಸಿ. ಅದರ ಬಲ ಕುಲುಮೆಯ ಹದದಿಂದ ಬಂದದ್ದಲ್ಲ. ಹಾಗಾಗಿ ವೆಲ್ಡ್ ಆದಾಗ ಕಳೆದುಕೊಳ್ಳುವುದೂ ಕಡಿಮೆ. ಆದರೆ ದೀರ್ಘಕಾಲ 65 ಡಿಗ್ರಿಗಿಂತ ಬಿಸಿಯಾಗುವ ಜಾಗದಲ್ಲಿ ಅದನ್ನು ಬಳಸಬೇಡಿ. ಅಲ್ಲಿ ಅದರ ತುಕ್ಕು ತಡೆಯುವ ಗುಣವೇ ಕೆಡುತ್ತದೆ.

2024: ಬಿರುಕು ಬಂದ ಮೇಲೂ ಸಮಯ ಕೊಡುವ ಲೋಹ

ವಿಮಾನದ ಮೈ ಹೊದಿಕೆಗೆ, ರೆಕ್ಕೆಯ ಕೆಳಗಿನ ಹಾಳೆಗೆ ದಶಕಗಟ್ಟಲೆ ಬಳಸಿದ್ದು ಇದನ್ನೇ. 7075 ಇದಕ್ಕಿಂತ ಗಟ್ಟಿ ಅಂತ ಗೊತ್ತಿದ್ದೂ ಬಳಸಿದರು. ಹಾರುವಾಗ ರೆಕ್ಕೆಯ ಕೆಳಭಾಗ ಎಳೆತದಲ್ಲಿರುತ್ತದೆ. ಬಿರುಕು ತೆರೆದುಕೊಳ್ಳುವುದು ಎಳೆತದಲ್ಲಿ. ಮೇಲ್ಭಾಗ ಒತ್ತಿನಲ್ಲಿರುವುದರಿಂದ ಅಲ್ಲಿ 7075. ಒಂದೇ ರೆಕ್ಕೆಗೆ ಎರಡು ಲೋಹ ಹಾಕುವ ಈ ಯೋಚನೆ ನನಗೆ ತುಂಬಾ ಇಷ್ಟ. ಎಲ್ಲಿ ಯಾವ ಅಪಾಯ ಇದೆ ಅಂತ ನೋಡಿ ಆರಿಸಿದ್ದು ಅದು.

2024ರಲ್ಲಿ ಬಿರುಕು ಕೊನೆಯ ಒಡೆತಕ್ಕೆ ಮುಂಚೆ ಉದ್ದ ಬೆಳೆಯಲು ಜಾಗವಿದೆ. ಅದೇ ಲೋಡಿನಲ್ಲಿ 7075-ಟಿ6 ಭಾಗ ಹೆಚ್ಚುಕಡಿಮೆ ಅದರ ಅರ್ಧ ಉದ್ದದ ಬಿರುಕಿಗೇ ತುಂಡಾಗುತ್ತದೆ. ನಿಯಮಿತವಾಗಿ ಪರೀಕ್ಷೆ ಮಾಡುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಬಿರುಕು ಒಡೆಯುವ ಮುಂಚೆ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ.

ತೊಂದರೆಗಳೂ ಇವೆ. ತಾಮ್ರ ಸೇರಿರುವುದರಿಂದ ತುಕ್ಕಿಗೆ ಬೇಗ ಬಗ್ಗುತ್ತದೆ. ಅದಕ್ಕೇ ಹಾಳೆಯ ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ತೊಡಿಸುತ್ತಾರೆ. ಆ ಮೆದು ಪದರ ದಣಿವಿನ ಬಲವನ್ನು ಸ್ವಲ್ಪ ತಗ್ಗಿಸುತ್ತದೆ. ಮಾಮೂಲಿ ವೆಲ್ಡಿಂಗ್ ಆಗುವುದಿಲ್ಲ, ರಿವೆಟ್ಟೇ ಗತಿ. ವಿಮಾನದ ಕೆಲಸ ಬಿಟ್ಟು ಬೇರೆಯವರಿಗೆ ಇದು ಸುಲಭವಾಗಿ ಸಿಗುವುದೂ ಇಲ್ಲ. ನೀವು ಹಾಳೆ ಮತ್ತು ರಿವೆಟ್ಟಿನ ಕೆಲಸ ಮಾಡುತ್ತಿಲ್ಲದಿದ್ದರೆ ಇದರ ಹಿಂದೆ ಅಲೆಯಬೇಡಿ.

7075: ಒಣ ಜಾಗ, ಬೋಲ್ಟ್, ನಯವಾದ ಮೇಲ್ಮೈ

ಈ ಮೂರೂ ಇದ್ದರೆ 7075 ನಿಜಕ್ಕೂ ಒಳ್ಳೆಯದು. ಒಂದು ಇಲ್ಲದಿದ್ದರೂ ನೀವು ಕೊಟ್ಟ ಹೆಚ್ಚಿನ ದುಡ್ಡು ಕರಗಿಹೋಗುತ್ತದೆ. ಮೇಲಿನ ಪಟ್ಟಿ ನೋಡಿ: ಎಳೆತದ ಬಲದಲ್ಲಿ 6061ಕ್ಕಿಂತ 262 ಮೆಗಾಪಾಸ್ಕಲ್ ಮುಂದೆ, ದಣಿವಿನಲ್ಲಿ 62 ಮಾತ್ರ. ಆ 62 ಕೂಡ ನಯವಾದ ಸರಳಿನ ಲೆಕ್ಕ. ಒರಟು ಮೂಲೆ ಬಿಟ್ಟರೆ, ಉಪ್ಪುಗುಳಿ ಬಿದ್ದರೆ ಅಂತರ ಇನ್ನೂ ಚಿಕ್ಕದಾಗುತ್ತದೆ. ಬಿರುಕು ಒಮ್ಮೆ ಹುಟ್ಟಿದ ಮೇಲೆ ಬೆಳೆಯುವ ವೇಗದಲ್ಲಂತೂ ಗಟ್ಟಿ ಮಿಶ್ರಲೋಹಕ್ಕೆ ದೊಡ್ಡ ಮೇಲುಗೈ ಇಲ್ಲ.

ಟಿ6 ಹದದ 7075ಕ್ಕೆ ಇನ್ನೊಂದು ಕಾಯಿಲೆ. ತೇವ ಇರುವ ಜಾಗದಲ್ಲಿ ಸದಾ ಎಳೆತದಲ್ಲಿಟ್ಟರೆ, ಲೋಡ್ ಏರಿಳಿಯದಿದ್ದರೂ ಬಿರುಕು ಬಿಡಬಹುದು. ಬಿಗಿಯಾಗಿ ಒತ್ತಿ ಕೂರಿಸಿದ ಬುಷ್ ಇರುವ ದಪ್ಪ ಭಾಗಗಳಲ್ಲಿ ಈ ಭಯ ಜಾಸ್ತಿ. ಇದಕ್ಕೆ ಟಿ73 ಹದ ಕೇಳಿ. ಬಲ ಶೇ. 10ರಿಂದ 15ರಷ್ಟು ಕಡಿಮೆಯಾಗುತ್ತದೆ, ಆದರೆ ಈ ಬಿರುಕಿನ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಕರಾವಳಿಯ ಕೆಲಸಕ್ಕೆ ನಾನು ಟಿ6 ಒಪ್ಪುವುದಿಲ್ಲ. ವೆಲ್ಡಿಂಗ್ ಮಾತೇ ಬೇಡ. ವೆಲ್ಡ್ ತಣ್ಣಗಾಗುವಾಗಲೇ ಸೀಳುತ್ತದೆ.

ರೇಸ್ ಕಾರಿನ ಅಪ್‌ರೈಟ್ (ಚಕ್ರ ಹಿಡಿಯುವ ಭಾಗ), ಡ್ರೋನಿನ ಮೋಟಾರ್ ಮೌಂಟ್, ಕ್ಲ್ಯಾಂಪ್, ಇಂಥ ಬ್ಲಾಕಿನಿಂದ ಮಿಲ್ ಮಾಡುವ ಪುಟ್ಟ ಭಾಗಗಳಿಗೆ ಇದು ಹೊಂದುತ್ತದೆ. ಜಾಗ ಇಕ್ಕಟ್ಟಾಗಿದ್ದು ದಪ್ಪ ಮಾಡಲು ಆಗದಿದ್ದರೆ ಮಾತ್ರ 7075. ದಪ್ಪ ಮಾಡಲು ಜಾಗ ಇದ್ದರೆ 6061ರಲ್ಲೇ ಇನ್ನೆರಡು ಮಿಲಿಮೀಟರ್ ಸೇರಿಸುವುದು ಅಗ್ಗ.

ಟೈಟಾನಿಯಂ: ಬೆಲೆ ತಡೆಯುವವರಿಗೆ

ತೂಕಕ್ಕೆ ಹೋಲಿಸಿ ನೋಡಿದರೆ ದಣಿವಿನಲ್ಲಿ ಗ್ರೇಡ್ 5 ಟೈಟಾನಿಯಂ 7075ರ ಹೆಚ್ಚುಕಡಿಮೆ ಎರಡು ಪಟ್ಟು. ಉಪ್ಪುನೀರು ಅದಕ್ಕೆ ಲೆಕ್ಕಕ್ಕಿಲ್ಲ. ಬಿಸಿ ತಡೆಯುತ್ತದೆ. ಬಿರುಕು ಬಂದರೂ ತಡೆದು ನಿಲ್ಲುವ ಗುಣ ಅಲ್ಯೂಮಿನಿಯಂಗಿಂತ ಬಹಳ ಮೇಲು. ಹೈದರಾಬಾದಿನ ಸರ್ಕಾರಿ ಲೋಹ ಕಂಪನಿ ಮಿಧಾನಿ ಇದನ್ನು ದೇಶದಲ್ಲೇ ತಯಾರಿಸುತ್ತದೆ.

ಬೆಲೆ ಅಲ್ಯೂಮಿನಿಯಂನ ಹಲವು ಪಟ್ಟು. ಅದಕ್ಕಿಂತ ಮಷಿನಿಂಗ್ ಖರ್ಚು ಕಾಡುತ್ತದೆ: ಬಿಸಿ ಬೇಗ ಹೊರಹೋಗುವುದಿಲ್ಲ, ಟೂಲ್ ಬೇಗ ಸವೆಯುತ್ತದೆ. ವೆಲ್ಡ್ ಆಗುತ್ತದೆ, ಆದರೆ ಆರ್ಗಾನ್ ಹೊದಿಕೆ ಎರಡೂ ಬದಿಗೆ ಇರಬೇಕು. ವೆಲ್ಡ್ ಬೆಳ್ಳಿಯ ಬಣ್ಣಕ್ಕಿದ್ದರೆ ಸರಿ. ನೀಲಿ, ಬೂದು ಅಥವಾ ಬಿಳಿ ಪುಡಿ ಕಂಡರೆ ಗಾಳಿ ಸೇರಿ ಪೆಡಸಾಗಿದೆ ಅಂತ ಅರ್ಥ. ಅಂಥದ್ದನ್ನು ತಿರಸ್ಕರಿಸಿ. ಎರಡು ಭಾಗ ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಮೇಲ್ಮೈ ಕಿತ್ತು ಅಲ್ಲೇ ಬಿರುಕು ಹುಟ್ಟುವ ಗುಣವೂ ಇದಕ್ಕಿದೆ.

ಟೈಟಾನಿಯಂ ಮುರಿಯುವುದಿಲ್ಲ ಅನ್ನುವ ನಂಬಿಕೆ ಬಿಡಿ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಡಿಸಿ-10 ವಿಮಾನದ ಎಂಜಿನ್ ಫ್ಯಾನ್ ಡಿಸ್ಕ್ ಟೈಟಾನಿಯಂ ಮಿಶ್ರಲೋಹದ್ದೇ. ಲೋಹ ತಯಾರಾಗುವಾಗಲೇ ಒಳಗೆ ಉಳಿದಿದ್ದ ಒಂದು ದೋಷದಿಂದ ಬಿರುಕು ಶುರುವಾಗಿ ವರ್ಷಗಟ್ಟಲೆ ಬೆಳೆದಿತ್ತು. ಮುಂಚಿನ ಪರೀಕ್ಷೆಯಲ್ಲಿ ಅದು ಕಣ್ಣುತಪ್ಪಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು.

ಮೆಗ್ನೀಸಿಯಂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಾಂದ್ರತೆ 1.8ರ ಆಸುಪಾಸು, ಅತಿ ಹಗುರ. ಗೇರ್‌ಬಾಕ್ಸ್ ಕವಚ, ಲ್ಯಾಪ್‌ಟಾಪ್ ಮೈ ಇವಕ್ಕೆ ಒಳ್ಳೆಯದು. ಆದರೆ ಎರಕದೊಳಗಿನ ಗಾಳಿಗುಳ್ಳೆಗಳಿಂದ ಬಿರುಕು ಶುರುವಾಗುತ್ತದೆ, ಉಕ್ಕಿನ ಬೋಲ್ಟ್ ತಾಗಿದ ಕಡೆ ತುಕ್ಕು ಬೇಗ ಹತ್ತುತ್ತದೆ, ಅದರ ಸಣ್ಣ ಚೂರುಗಳಿಗೆ ಬೆಂಕಿಯೂ ಹತ್ತಬಹುದು. ಮತ್ತೆ ಮತ್ತೆ ಲೋಡ್ ಬೀಳುವ ಭಾಗಕ್ಕೆ ಸಣ್ಣ ವರ್ಕ್‌ಶಾಪಿನವರು ಇದನ್ನು ಆರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಎರಕದ ಅಲ್ಯೂಮಿನಿಯಂಗೂ, ಅಂದರೆ ಎಲ್‌ಎಂ25ರಂಥವಕ್ಕೂ, ಗಾಳಿಗುಳ್ಳೆಯ ಮಾತು ಅನ್ವಯಿಸುತ್ತದೆ.

ನಿಮ್ಮ ಕೆಲಸಕ್ಕೆ ಯಾವುದು

ಮಷಿನ್ ಕಟ್ಟುವವರಾದರೆ, ಲೋಡ್ ಏರಿಳಿತ ಕೆಲವು ಲಕ್ಷ ಸಲ ಇದ್ದರೆ, 6061 ಅಥವಾ ಎಚ್‌ಇ30 ಬ್ಲಾಕಿನಿಂದ ಮಿಲ್ ಮಾಡಿ ಬೋಲ್ಟ್ ಹಾಕಿ. ಹಗಲು ರಾತ್ರಿ ತಿರುಗುವ ಶಾಫ್ಟಿಗೆ ಉಕ್ಕೇ ಸರಿ. ಅಲ್ಲಿ ಹಗುರ ಮಾಡಿ ಉಳಿಸುವುದು ಕಡಿಮೆ, ಅಪಾಯ ಜಾಸ್ತಿ.

ಸೈಕಲ್ ಕೊಳ್ಳುವವರು ಮುಖ್ಯವಾಗಿ ಆಯಸ್ಸು ಯೋಚಿಸಬೇಕು. ಊರೊಳಗೆ ಓಡಿಸಲು, ಒಂದಷ್ಟು ವರ್ಷಕ್ಕೆ ಬದಲಿಸುವವರಿಗೆ ಅಲ್ಯೂಮಿನಿಯಂ ಫ್ರೇಮ್ ಚೆನ್ನಾಗಿದೆ. ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಫ್ರೇಮ್ ತೆಗೆದುಕೊಳ್ಳುವಾಗ ಹೆಡ್ ಟ್ಯೂಬ್ ಮತ್ತು ಪೆಡಲ್ ಬುಡದ ವೆಲ್ಡುಗಳನ್ನು ಒರೆಸಿ, ಟಾರ್ಚ್ ಹಾಕಿ ನೋಡಿ. ಸಾಮಾನು ಹೊತ್ತು ದೂರ ಹೋಗುವವರಿಗೆ ಉಕ್ಕು ಅಥವಾ, ಕೈಗೆಟುಕಿದರೆ, ಟೈಟಾನಿಯಂ.

ಕಾಲೇಜು ತಂಡದವರಿಗೆ ದುಡ್ಡು ಕಡಿಮೆ, ಎಣಿಕೆಯೂ ಕಡಿಮೆ. ಫ್ರೇಮ್ ಉಕ್ಕಿನದು, ಒಂದೆರಡು ಬಿಗಿ ಜಾಗದ ಭಾಗ 7075, ಉಳಿದದ್ದು 6061. ಹಳೆಯ ಕಾರಿನ ಭಾಗವನ್ನು ಮುಂದಿನ ವರ್ಷಕ್ಕೆ ಎತ್ತಿಕೊಳ್ಳುವಾಗ ಮಾತ್ರ ಎಚ್ಚರ. ಅದು ತಿಂದ ಹೊಡೆತಗಳ ಲೆಕ್ಕವೂ ಅದರ ಜೊತೆಗೇ ಬರುತ್ತದೆ.

ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡು ಉಳಿದಿದ್ದರೆ ಲೋಹ ಮೇಲೇರಿಸುವ ಮುಂಚೆ ಮೇಲ್ಮೈಗೆ ಹಾಕಿ. ಒಳಮೂಲೆಗಳಿಗೆ ಧಾರಾಳ ರೇಡಿಯಸ್ ಕೊಡಿ. ತೂತು ಡ್ರಿಲ್ ಮಾಡಿ ಬಿಡದೆ ರೀಮರ್ ಹಾಕಿ ಒಳಮೈ ನಯ ಮಾಡಿ, ಅಂಚಿನ ಬರ್, ಅಂದರೆ ಚೂಪು ಮುಳ್ಳು, ತೆಗೆಯಿರಿ. ಪಾರ್ಟ್ ನಂಬರನ್ನು ಹೆಚ್ಚು ಒತ್ತಡದ ಜಾಗದಲ್ಲಿ ಪಂಚ್ ಮಾಡಬೇಡಿ. ಶಾಟ್ ಪೀನಿಂಗ್ (ಪುಟ್ಟ ಗುಂಡುಗಳನ್ನು ಮೇಲ್ಮೈಗೆ ಬಡಿಸುವುದು) ಮಾಡಿಸಿದರೆ ಮೇಲ್ಮೈ ಒತ್ತಿನಲ್ಲಿ ಉಳಿದು ಬಿರುಕು ಹುಟ್ಟುವುದು ತಡವಾಗುತ್ತದೆ. ಗಟ್ಟಿ ಆನೋಡೈಸಿಂಗ್ (ವಿದ್ಯುತ್ತಿನಿಂದ ಅಲ್ಯೂಮಿನಿಯಂ ಮೇಲೆ ಬೆಳೆಸುವ ಆಕ್ಸೈಡ್ ಪದರ) ಇದಕ್ಕೆ ಉಲ್ಟಾ. ಸವೆತಕ್ಕೆ ಒಳ್ಳೆಯದು, ಆದರೆ ಆ ಪೆಡಸು ಪದರವೇ ಮೊದಲು ಬಿರಿದು ಕೆಳಗಿನ ಲೋಹಕ್ಕೆ ದಾರಿ ತೋರಿಸುತ್ತದೆ. ದಣಿವು ಮುಖ್ಯವಾದ ಭಾಗಕ್ಕೆ ತೆಳು ಆನೋಡೈಸಿಂಗ್ ಸಾಕು.

ಯಾವ ಲೋಹ ಆರಿಸಿದರೂ ಮೊದಲ ಬಾರಿ ಓಡಿಸುವ ಮುಂಚೆಯೇ ಮೂಲೆ, ತೂತು, ವೆಲ್ಡಿನ ಅಂಚುಗಳ ಫೋಟೋ ತೆಗೆದಿಡಿ. ಆಮೇಲೆ ನಿಗದಿತ ಗಂಟೆಗೊಮ್ಮೆ ಡೈ ಪೆನಿಟ್ರಂಟ್ ಹಚ್ಚಿ ನೋಡಿ. ಕೆಂಪು ಬಣ್ಣ ಬಿರುಕಿನೊಳಗೆ ಇಳಿದು, ಬಿಳಿ ಡೆವಲಪರ್ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಗೆರೆ ಕಂಡರೆ ಮೇಲೆ ವೆಲ್ಡ್ ಮಾಡಿ ಮುಚ್ಚಬೇಡಿ. ಬಿರುಕಿನ ತುದಿಗೆ ತೂತು ಕೊರೆದು ನಿಲ್ಲಿಸುವುದೂ ಬದಲಿ ಭಾಗ ಬರುವವರೆಗೆ ಮಾತ್ರ, ಅದೂ ಮುರಿದರೆ ಯಾರಿಗೂ ಪೆಟ್ಟಾಗದ ಜಾಗದಲ್ಲಿ. ಉಳಿದ ಕಡೆ ಆ ಭಾಗವನ್ನು ಅಂದೇ ಬಿಚ್ಚಿ ತೆಗೆಯಿರಿ.